ನಿಮ್ಮೆ

"ನಿಮ್ಮೆ ಅಂದ್ರೆ ಏನಪ್ಪಾ? ಎಮ್ಮೆಯ ತಂಗಿನಾ?"

ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ಗೋಡೆಯ ದೊಡ್ಡ ಪರದೆಯತ್ತ ಪೆನ್ನು ಚಾಚಿ ಕೇಳಿದ. ಸುತ್ತ ಕೂತಿದ್ದ ಐದಾರು ಜನ ಗೊಳ್ಳೆಂದು ನಕ್ಕರು. ಪರದೆಯ ಮೇಲೆ ಆ ಆಫೀಸಿನ ಏಕೈಕ ಆ್ಯಪಿನ ಮೊದಲ ಪುಟ ಹರಡಿಕೊಂಡಿತ್ತು. ಕಾಲು ಮುರಿದವರನ್ನೂ ಸೊಂಟ ಹಿಡಿದವರನ್ನೂ ದಿನಾ ಬೆಳಗ್ಗೆ ಎಬ್ಬಿಸಿ ಕೇಳುವ ಪ್ರಶ್ನೆ ಹಸಿರು ಪಟ್ಟಿಯೊಳಗೆ ಬಿಳಿ ಅಕ್ಷರದಲ್ಲಿ ಹೊಳೆಯುತ್ತಿತ್ತು: "ನಿಮ್ಮೆ ಎಷ್ಟು ಹೆಜ್ಜೆ ನಡೆದಿರಿ?"

"ಶನಿವಾರ ಇದನ್ನ ಆ ದೊಡ್ಡಾಸ್ಪತ್ರೆಯವರ ಮುಂದೆ ತೆರೆದೆ. ಅವರ ಹಿರಿಯ ಡಾಕ್ಟರು ಕನ್ನಡಕ ಒರೆಸ್ಕೊಂಡು ಎರಡೆರಡು ಸಲ ಓದಿದ್ರು. ಇಲ್ಲಿ ಕೆಳಗಿನ ಕ್ಲಿನಿಕ್ಕಿನ ನಮ್ಮ ಪೇಷೆಂಟ್ ಒಬ್ಬರು ಫೋನ್ ಮಾಡಿ, ಈ ನಿಮ್ಮೆ ಅನ್ನೋದು ಬೆನ್ನಲ್ಲಿರುತ್ತಾ ಕಾಲಲ್ಲಿರುತ್ತಾ, ನಂಗೂ ಎಲ್ಲೋ ಅಲ್ಲೇ ನೋಯ್ತಿದೆ ಅಂದ್ರು."

ಮತ್ತೆ ನಗು. ಮ್ಯಾನೇಜರ್ ನಗಲಿಲ್ಲ. ಮೇಜಿನ ಕೊನೆಯಲ್ಲಿ ತಲೆ ತಗ್ಗಿಸಿ ಕೂತಿದ್ದವನನ್ನೇ ನೋಡಿದ.

"ತಪ್ಪು ನಂದೇ ಬಿಡಿ. ಒಂಬತ್ತನೇ ಕ್ಲಾಸು ದಾಟದೋನ ಕೈಗೆ ಕೀಬೋರ್ಡ್ ಕೊಡಬಹುದು, ಭಾಷೆ ಕೊಡಬಾರದು."

ಈ ಸಲ ನಗು ಅರ್ಧಕ್ಕೇ ನಿಂತಿತು. ಟೆಸ್ಟಿಂಗ್ ಹುಡುಗಿ ತನ್ನ ನೋಟ್‌ಬುಕ್ಕಿನೊಳಗೆ ಮುಖ ಹುದುಗಿಸಿಕೊಂಡಳು. ಮೇಜಿನ ಕೊನೆಯಲ್ಲಿದ್ದವನ ಕಿವಿ ಕಾದ ಕಾವಲಿಯಾಯಿತು. ನಾಲಿಗೆಯ ತುದಿಗೆ ಬಂದ ಬೈಗುಳಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಮೀಟಿಂಗ್ ರೂಮು ಸಾಲುತ್ತಿರಲಿಲ್ಲ.

"ಸಂಜೆಯೊಳಗೆ ಆ ಪ್ಲಗಿನ್ ಕಿತ್ತು ಬಿಸಾಕು," ಎಂದ ಮ್ಯಾನೇಜರ್. "ಹಳೇ ವಾಕ್ಯಗಳ ಫೈಲು ಪೂರ್ತಿ ಅಳಿಸೋದು. ಮರ್ಯಾದೆಯಿಂದ ಹೊಸದು ಬರೆಸಿದೀನಿ, ಅದನ್ನ ಹಾಕೋದು. ಒಳಗೊಂದು ಮಾತು, ಹೊರಗೊಂದು ಮಾತು ಇಟ್ಕೊಂಡ್ರೆ ನಾಳೆ ಈ ಕೋಡ್ ನೋಡೋಕೆ ಬರೋನು ತಲೆ ಕೆಟ್ಟು ಓಡಿಹೋಗ್ತಾನೆ."

ಕೊನೆಯ ಮಾತು ನಿಜವಾಗಿತ್ತು. ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು.

ತನ್ನ ಕುರ್ಚಿಗೆ ಬಂದು ಕೂತು ಅವನು ಮಾಡಿದ ಮೊದಲ ಕೆಲಸವೆಂದರೆ ತಪ್ಪು ಎಲ್ಲಾಯಿತೆಂದು ಹುಡುಕಿದ್ದು. ಅದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಆ್ಯಪು ಅಂದರೆ ನೂರಾರು ಸಣ್ಣ ಫೈಲುಗಳು. ಬರೆಯುವಾಗ ಒಂದೊಂದೂ ಬೇರೆ ಬೇರೆ ಇರುತ್ತವೆ. ಹೊರಗೆ ಕಳಿಸುವ ಮುಂಚೆ ಅವನ್ನೆಲ್ಲ ಒಟ್ಟುಮಾಡಿ ಒಂದೇ ಗಂಟು ಕಟ್ಟಲು ಬಂಡ್ಲರ್ ಎಂಬ ಸಾಧನವಿದೆ. ಆ ಗಂಟು ಕಟ್ಟುವುದಕ್ಕೆ ಬಿಲ್ಡ್ ಅನ್ನುತ್ತಾರೆ. ಬಂಡ್ಲರಿಗೆ ಪ್ಲಗಿನ್ ಎಂಬ ಸಣ್ಣ ಜೋಡಣೆಯೊಂದನ್ನು ಸಿಕ್ಕಿಸಿ, ಈ ಪದ ಕಂಡಲ್ಲೆಲ್ಲ ಆ ಪದ ಹಾಕು ಎಂದು ಹೇಳಿಟ್ಟರೆ, ಗಂಟಿನೊಳಗೆ ಹೋಗುವಾಗ ಮಾತ್ರ ಪದಗಳು ಬದಲಾಗುತ್ತವೆ. ಮೂಲ ಫೈಲಿನಲ್ಲಿ ಒಂದು ಕೊಂಬು ಕೂಡ ಅಲುಗುವುದಿಲ್ಲ. ಮನೆಯಲ್ಲಿ ಹಳೇ ಅಂಗಿ, ಬಾಗಿಲು ದಾಟುವಾಗ ಇಸ್ತ್ರಿ ಅಂಗಿ.

ದೊಡ್ಡಾಸ್ಪತ್ರೆಯವರು ಆ್ಯಪು ಕೊಳ್ಳಲು ಒಪ್ಪಿ, ಒಂದೇ ಒಂದು ತಕರಾರು ತೆಗೆದಿದ್ದರು. ಇದು ರೋಗಿಗಳನ್ನು ಏಕವಚನದಲ್ಲಿ ಮಾತಾಡಿಸುತ್ತದೆ, ನಮ್ಮಲ್ಲಿ ನಡೆಯುವುದಿಲ್ಲ ಎಂದು. ಶುಕ್ರವಾರ ಅವನು ಮೂಲವನ್ನು ಮುಟ್ಟದೆ ಪ್ಲಗಿನ್ನಿಗೆ ಒಂದು ಪಟ್ಟಿ ಕೊಟ್ಟ. 'ನೀನು' ಕಂಡರೆ 'ನೀವು', 'ನಿನಗೆ' ಕಂಡರೆ 'ನಿಮಗೆ', 'ನಿನ್ನ' ಕಂಡರೆ 'ನಿಮ್ಮ'. ಎತ್ತು, ಮಡಚು, ನಡೆದೆ ಎಂಬ ಕ್ರಿಯಾಪದಗಳಿಗೂ ಒಂದೊಂದು ಜೋಡಿ. ಬಿಲ್ಡ್ ಮಾಡಿ ನೋಡಿದರೆ ಏನೂ ಬದಲಾಗಿರಲಿಲ್ಲ. ಪದದ ಅಂಚು ಸಿಕ್ಕರೆ ಮಾತ್ರ ಬದಲಿಸುವುದು ಆ ಪ್ಲಗಿನ್ನಿನ ರೂಢಿ, ಮತ್ತು ಅದರ ಪಾಲಿಗೆ ಅಕ್ಷರವೆಂದರೆ ಇಂಗ್ಲಿಷಿನವು ಮಾತ್ರ. ಕನ್ನಡದ ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು, ಅದಕ್ಕೆ ಗೊತ್ತೇ ಆಗುವುದಿಲ್ಲ. ಅಂಚಿನ ಷರತ್ತನ್ನೇ ಅವನು ತೆಗೆದುಹಾಕಿದ. ಆಗ ಎಲ್ಲವೂ ಸರಸರನೆ ಬದಲಾಯಿತು. 'ನಿನ್ನೆ' ಕೂಡ.

'ನಿನ್ನ'ಕ್ಕೆ ಒಂದು ಎತ್ವ ಕೊಟ್ಟರೆ 'ನಿನ್ನೆ'. ಹುಟ್ಟಿದಾಗಿನಿಂದ ಆಡಿದ ಮಾತು, ಆದರೂ ಒಂದರೊಳಗೆ ಇನ್ನೊಂದು ಕೂತಿದೆ ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಆ್ಯಪಿನಲ್ಲಿದ್ದ ನಿನ್ನೆಗಳೆಲ್ಲ ಒಂದೇ ಏಟಿಗೆ ಹೋಗಿದ್ದವು.

'ನಿನ್ನ' ಆದ ಮೇಲೆ ಎತ್ವ ಬಂದರೆ ಮುಟ್ಟಬೇಡ. ಒಂದೇ ಸಾಲಿನ ರಿಪೇರಿ. ಬರೆದ, ಬಿಲ್ಡ್ ಮಾಡಿದ. ನಿನ್ನೆ ನಿನ್ನೆಯಾಗಿ ವಾಪಸು ಬಂತು. ಹಾಗಿದ್ದರೂ ಮ್ಯಾನೇಜರ್ ಬೇಕೆಂದದ್ದು ರಿಪೇರಿಯನ್ನಲ್ಲ. ಅವನಿಗೆ ಆ ಫೈಲೇ ಇರಬಾರದಿತ್ತು.

ಫೈಲು ತೆರೆದ. ಮೊದಲ ಸಾಲು: "ನಿನ್ನೆ ಎಷ್ಟು ಹೆಜ್ಜೆ ನಡೆದೆ? ಸುಳ್ಳು ಹೇಳ್ಬೇಡ, ನಿನ್ನ ಚಪ್ಪಲಿ ಹೇಳುತ್ತೆ." ಕಣ್ಣು ಪರದೆಯ ಮೇಲಿತ್ತು. ಕಿವಿಯೊಳಗೆ ಮಾತ್ರ ಚಿಕ್ಕಮ್ಮ ಮಾತಾಡುತ್ತಿದ್ದಳು.

ಚಿಕ್ಕಮ್ಮ ಅವನಿಗೆ ಮಾತ್ರ ಚಿಕ್ಕಮ್ಮನಲ್ಲ. ಕೆಳಗಿನ ಮಹಡಿಯ ಕ್ಲಿನಿಕ್ಕಿಗೆ ಬಂದು ಹೋದವರೆಲ್ಲರಿಗೂ ಅವಳು ಚಿಕ್ಕಮ್ಮನೇ. ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಮೂವತ್ತು ವರ್ಷ ವ್ಯಾಯಾಮ ಮಾಡಿಸಿದವಳು. ಮೂರು ವರ್ಷದ ಹಿಂದೆ, ಪಾರ್ಸೆಲ್ ಹಂಚುವ ಬೈಕಿನಿಂದ ಬಿದ್ದು ತೊಡೆಯ ಮೂಳೆ ಎರಡು ತುಂಡಾಗಿ, ಒಳಗೆ ಕಬ್ಬಿಣದ ಸರಳು ಹಾಕಿಸಿಕೊಂಡು ಅವನು ಆ ಕೋಣೆಗೆ ಬಂದಾಗ ಅವನಿಗೆ ಇಪ್ಪತ್ತು. ಆ ಕೋಣೆಯ ವಾಸನೆ ಈಗಲೂ ಅವನ ಮೂಗಿನಲ್ಲಿದೆ: ಬಿಸಿ ಮೇಣದ ಪಾತ್ರೆ, ನೋವಿನ ಮುಲಾಮು, ಒದ್ದೆ ಟವೆಲ್ಲು. ಹಿಡಿದು ಹಿಡಿದು ಬಣ್ಣ ಹೋಗಿ ಬೆಳ್ಳಗಾದ ಎರಡು ಕಂಬಿಗಳು. ಹತ್ತಲು ಮೂರು ಮೆಟ್ಟಿಲು. ಹತ್ತಿದರೆ ಗೋಡೆ, ತಿರುಗಿ ಇಳಿಯಬೇಕು. "ಎಲ್ಲಿಗೆ ಹೋಗುತ್ತೆ ಈ ಮೆಟ್ಲು?" ಎಂದು ಹೊಸಬರು ಕೇಳಿದರೆ ಚಿಕ್ಕಮ್ಮ, "ನಿಮ್ಮನೆಗೆ," ಅನ್ನುತ್ತಿದ್ದಳು. ಇನ್ನೊಂದು ಬದಿಯ ಗೋಡೆಗೆ ಮರದ ಹಲ್ಲುಪಟ್ಟಿ. ಕೈ ಎತ್ತಲಾಗದವರು ಬೆರಳುಗಳಿಂದ ಒಂದೊಂದೇ ಹಲ್ಲು ಹತ್ತುತ್ತ ತೋಳನ್ನು ಮೇಲಕ್ಕೆ ಒಯ್ಯಬೇಕು. ದಿನದ ಎತ್ತರಕ್ಕೆ ಪೆನ್ಸಿಲ್ ಗೀಟು.

ಅಲ್ಲಿ ಯಾರಿಗೂ ಹೆಸರಿರಲಿಲ್ಲ. ಮುರಿದ ಅಂಗವೇ ಹೆಸರು. "ಮಂಡಿ, ಕೂತಿದ್ದು ಸಾಕು, ಏಳು. ಸೊಂಟ, ನಿನ್ನ ಮರಳು ಚೀಲ ಎಲ್ಲಿ? ತೊಡೆ, ಮಡಚು. ನೋವಾದ್ರೆ ನನ್ನ ಬೈಕೋ, ಆದ್ರೆ ಮಡಚು." ಅವನು ತೊಡೆ. ಪಕ್ಕದ ಬೆಂಚಿನಲ್ಲಿ ಬಲ ಹೆಗಲು ಪುಡಿಯಾಗಿ, ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಸುತ್ತಿಕೊಂಡು ಕೂತಿದ್ದವನು ಭುಜ. ಸಾಫ್ಟ್‌ವೇರ್ ಬರೆಯುವವನಂತೆ. ಎರಡೂ ಕೈ ಹೋಗಿ ಅವನ ಕೆಲಸ ಅರ್ಧಕ್ಕೆ ನಿಂತಿತ್ತು. ಆ ಭುಜವೇ ಈಗಿನ ಮ್ಯಾನೇಜರ್.

ಕಾಲಿಗೆ ತೂಕ ಕಟ್ಟಿ ಗಂಟೆಗಟ್ಟಲೆ ಮಲಗಿದ ತೊಡೆಗೆ ಕೈ ಖಾಲಿ. ಭುಜನ ತಲೆ ತುಂಬ ಕೋಡು. "ಏಯ್ ತೊಡೆ, ಟೈಪ್ ಮಾಡ್ತೀಯಾ?" ಎಂದು ಒಂದು ದಿನ ಭುಜ ಲ್ಯಾಪ್‌ಟಾಪನ್ನು ಅವನ ಹೊಟ್ಟೆಯ ಮೇಲೆ ಇಡಿಸಿದ.

"ಬ್ರಾಕೆಟ್ ತೆಗಿ. ಈಗ ಮುಚ್ಚು. ಮುಚ್ಚಿದ್ಯಾ? ಎಷ್ಟು ಸಲ ಹೇಳ್ಲಿ, ತೆಗೆದಿದ್ದನ್ನೆಲ್ಲ ಮುಚ್ಬೇಕು."

"ನಮ್ಮನೆ ಬಾಗಿಲಿಗೇ ಚಿಲಕ ಇಲ್ಲ, ಇದನ್ನ ಯಾಕೆ ಮುಚ್ಚಬೇಕು?"

ಭುಜ ನಕ್ಕು, ನಕ್ಕಿದ್ದಕ್ಕೆ ಹೆಗಲು ನೊಂದು, ಅಯ್ಯಯ್ಯೋ ಎಂದು ಮುಖ ಕಿವುಚಿದ್ದ. "ಎರಡು ಅರ್ಧ ಸೇರಿ ಒಂದು ಮನುಷ್ಯ ಆಯ್ತು ನೋಡು," ಎಂದು ಚಿಕ್ಕಮ್ಮ ಇಬ್ಬರ ತಲೆಗೂ ಮೊಟಕಿದ್ದಳು. ಐದು ತಿಂಗಳಲ್ಲಿ ತೊಡೆಗೆ, ಭುಜ ಹೇಳುವ ಮುಂಚೆಯೇ ಮುಂದಿನ ಸಾಲು ಯಾವುದೆಂದು ತಿಳಿಯತೊಡಗಿತು. ಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಂತು ದಡ್ಡ ಅನ್ನಿಸಿಕೊಂಡು, ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯ ದಿನ ಕಾಂಪೌಂಡ್ ಹಾರಿದವನಿಗೆ, ಮಲಗಿದಲ್ಲೇ ಒಂದು ವಿದ್ಯೆ ಕೈ ಹತ್ತಿತು.

ಚಿಕ್ಕಮ್ಮನದು ಒಂದು ರೂಢಿಯಿತ್ತು. ಒಳಗಿದ್ದಷ್ಟು ದಿನ ಯಾರಾದರೂ ಸರಿ, ನೀನು. ನಿವೃತ್ತ ಜಡ್ಜಾಗಲಿ, ಬ್ಯಾಂಕಿನ ಯಜಮಾನಿಯಾಗಲಿ, ನೀನೇ. ನೋವು ತಿಂದವರೂ ಅವಳನ್ನು ನೀನು ಎಂದೇ ಕರೆಯುತ್ತಿದ್ದರು, ತಾಯಿಯನ್ನು ಕರೆದ ಹಾಗೆ. ಚಿಕಿತ್ಸೆ ಪೂರ್ತಿಯಾಗಿ ತಮ್ಮ ಕಾಲಲ್ಲಿ ತಾವೇ ಹೊಸ್ತಿಲು ದಾಟುವ ದಿನ ಮಾತ್ರ ಅವಳು ಎದ್ದು ನಿಂತು, ಸೀರೆಯ ಸೆರಗು ಸರಿಮಾಡಿಕೊಂಡು, ಒಂದೇ ಒಂದು ಸಲ ಬಹುವಚನ ಬಳಸುತ್ತಿದ್ದಳು. "ಹೋಗಿ. ನೀವಿನ್ನು ಇಲ್ಲಿಗೆ ಬರ್ಬಾರ್ದು."

ಅವನ ದಿನವೂ ಬಂತು. ಕೋಲಿಲ್ಲದೆ ಬಾಗಿಲವರೆಗೆ ನಡೆದ. ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿತು: "ನೀವಿನ್ನು ಇಲ್ಲಿಗೆ ಬರ್ಬಾರ್ದು." ಯಾರಿಗೆ ಹೇಳಿದಳೆಂದು ಅವನು ತಿರುಗಿ ನೋಡಿದ. ಕೋಣೆಯಲ್ಲಿ ಬೇರೆ ಯಾರೂ ಎದ್ದು ನಿಂತಿರಲಿಲ್ಲ. ಇಪ್ಪತ್ತು ವರ್ಷ ಲೋ, ಏಯ್, ಇವನೇ ಎಂದು ಕರೆಸಿಕೊಂಡವನಿಗೆ ಅದು ಮೊದಲ ನೀವು. ರಸ್ತೆಗೆ ಬಂದು, ಬಸ್ಸು ಹತ್ತುವುದು ಬಿಟ್ಟು, ಮನೆಯವರೆಗೂ ನಡೆದುಕೊಂಡೇ ಹೋಗಿದ್ದ.

ಮನೆಗೆ ಹೋದ ರೋಗಿಗಳು ವ್ಯಾಯಾಮ ಬಿಟ್ಟುಬಿಡುತ್ತಾರೆ, ಅವರನ್ನು ಗೋಗರೆಯಲು ಒಂದು ಆ್ಯಪು ಬೇಕು ಎಂಬುದು ಭುಜನ ಯೋಚನೆ. ಕ್ಲಿನಿಕ್ಕಿನ ಮೇಲ್ಮಹಡಿ ಹಿಡಿದು, ತೊಡೆಯನ್ನು ಕರೆದು ಕೂರಿಸಿದ. ಡಾಕ್ಟರು ಬರೆದುಕೊಟ್ಟ ವಾಕ್ಯಗಳು ಕೋರ್ಟಿನ ನೋಟಿಸಿನಂತಿದ್ದವು, ಒಬ್ಬರೂ ತೆರೆಯಲಿಲ್ಲ. ಆಗ ಅವನೇ ನಾಲ್ಕು ಮಧ್ಯಾಹ್ನ ವ್ಯಾಯಾಮದ ಕೋಣೆಯಲ್ಲಿ ಕೂತು ಚಿಕ್ಕಮ್ಮನ ಬಾಯಿಂದ ಬಿದ್ದದ್ದನ್ನೆಲ್ಲ ಟೈಪ್ ಮಾಡಿಕೊಂಡ. ಮುನ್ನೂರು ಚಿಲ್ಲರೆ ಸಾಲು. "ಎತ್ತು, ಇನ್ನೂ ಎತ್ತು. ನಿನ್ನ ಕೈಯೇನು ಬೇರೆಯವರ ಮನೆ ಸಾಮಾನಾ, ಇಷ್ಟು ಜೋಪಾನ ಮಾಡೋಕೆ?" ಜನ ಬೈಸಿಕೊಳ್ಳಲೆಂದೇ ಬೆಳಗ್ಗೆ ಆ್ಯಪು ತೆರೆಯತೊಡಗಿದರು.

ಕಳೆದ ವರ್ಷ ಚಿಕ್ಕಮ್ಮ ಕೆಲಸ ಬಿಟ್ಟಳು. ಕೋಣೆಗೆ ಗಾಜಿನ ಬಾಗಿಲು ಬಂತು, ಗುಂಡಿ ಒತ್ತಿದರೆ ತಾವೇ ಕಾಲು ಮಡಚುವ ಯಂತ್ರಗಳು ಬಂದವು. ಮೆಟ್ಟಿಲು, ಹಲ್ಲುಪಟ್ಟಿ, ಕಂಬಿ ಎಲ್ಲ ಗುಜರಿಗೆ ಹೋದವು. ಉಳಿದದ್ದು ಈ ಫೈಲೊಂದೇ. ಅಳಿಸಿದರೂ ಹಳೆಯ ಪ್ರತಿ ಕೋಡಿನ ಚರಿತ್ರೆಯಲ್ಲಿ ಎಲ್ಲೋ ಇರುತ್ತದೆ, ಅದು ಅವನಿಗೂ ಗೊತ್ತು. ಅಟ್ಟಕ್ಕೆ ಹಾಕಿದ ಪೆಟ್ಟಿಗೆಯೂ ಮನೆಯಲ್ಲೇ ಇರುತ್ತದೆ. ಏಣಿ ಹಾಕಿ ಹತ್ತುವವರು ಯಾರು?

ಊಟದ ಹೊತ್ತಿಗೆ ಅವನು ಎರಡು ಓಣಿ ಆಚೆಗಿದ್ದ ಚಿಕ್ಕಮ್ಮನ ಮನೆಗೆ ಹೋದ. ಅವಳು ಕಿಟಕಿಯ ಬಳಿ ಕಾಲು ನೀಡಿ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಬಾ ತೊಡೆ. ಏನಿದು ಮುಖ, ಸುಟ್ಟ ಬದನೆಕಾಯಿ ಥರ?"

ಅವನು ನಡೆದದ್ದನ್ನೆಲ್ಲ ಒದರಿದ. ನಿಮ್ಮೆ ಬಂದಾಗ ಚಿಕ್ಕಮ್ಮ ಬಟಾಣಿಯ ತಟ್ಟೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ನಿಮ್ಮೆ! ಈ ವಯಸ್ಸಲ್ಲಿ ನಂಗೂ ಅಲ್ಲೇ ನೋವು!"

"ನಿಂಗೆ ತಮಾಷೆ. ಅವನು ನಿನ್ನ ಮಾತು ಪೂರ್ತಿ ಅಳಿಸ್ತಾನಂತೆ."

"ಅಳಿಸ್ಕೊಳ್ಲಿ ಬಿಡೋ. ನಂಗೇನು, ಬಾಯಿ ಇನ್ನೂ ನನ್ನ ಹತ್ರಾನೇ ಇದೆ."

"ನಿಂಗೆ ಬೇಡದಿದ್ರೆ ಬೇಡ. ನಂಗೆ ಬೇಕು."

ಅವನ ದನಿ ಏರಿದ್ದನ್ನು ಕೇಳಿ ಅವಳು ತಲೆಯೆತ್ತಿದಳು. ತಟ್ಟೆಯನ್ನು ಮತ್ತೆ ಎಳೆದುಕೊಂಡು ಇನ್ನೊಂದು ಕಾಯಿಯ ಕಾಳು ಉದುರಿಸಿದಳು.

"ನಾನೇನು ಅಹಂಕಾರಕ್ಕೆ ನೀನು ಅಂದೋಳಲ್ಲ," ಎಂದಳು. "ಮೊದಲನೇ ವರ್ಷ ಒಬ್ರು ಹೆಡ್‌ಮಾಸ್ಟ್ರು ಬಂದಿದ್ರು, ಲಕ್ವ ಹೊಡೆದು ಒಂದು ಪಕ್ಕ ಬಿದ್ದೋಗಿತ್ತು. ಎತ್ತಿ ಸಾರ್, ನೀವು ಎತ್ತಬಹುದು ಸಾರ್ ಅಂತಿದ್ದೆ. ಒಂದಿನ ಅತ್ತುಬಿಟ್ರು. ನೀನು 'ನೀವು' ಅಂದಾಗೆಲ್ಲ ನಾನು ಏನಾಗಿದ್ದೆ ಅಂತ ನೆನಪಾಗುತ್ತೆ ತಾಯಿ, ನಡೆಯೋದು ಕಲಿಯೋ ಮಗೂನ ಯಾರಾದ್ರೂ 'ನೀವು' ಅಂತಾರಾ ಅಂದ್ರು. ಅವತ್ತಿಂದ ಎಲ್ರಿಗೂ ನೀನು. ಹೋಗೋ ದಿನ ವಾಪಸ್ ಕೊಟ್ಟುಬಿಡೋದು, ಅವರ ನೀವು ಅವರಿಗೆ."

"ಭುಜಂಗೂ ಕೊಟ್ಟಿದ್ದೀಯಲ್ಲ. ಮತ್ತೆ ಯಾಕೆ ಅವನಿಗೆ ಈ ದ್ವೇಷ?"

"ಎಲ್ಲಿ ಕೊಟ್ಟೆ?" ಚಿಕ್ಕಮ್ಮ ಸಿಪ್ಪೆಯನ್ನು ಒಟ್ಟುಮಾಡಿದಳು. "ಕಿವಿ ಮಟ್ಟಕ್ಕೆ ಕೈ ಎತ್ತಿದ, ಸಾಕು, ಟೈಪ್ ಮಾಡೋಕೆ ಇಷ್ಟು ಸಾಕು ಅಂತ ಹೊರಟುಬಿಟ್ಟ. ತಲೆ ಮೇಲೆ ಹೋಗ್ಬೇಕಿತ್ತು ಆ ಕೈ. ಬಾಗಿಲಲ್ಲಿ ನಿಂತ, ಕಾದ. ನನ್ನ ಬಾಯಿಂದ ಆ ನೀವು ಬರಲಿಲ್ಲ. ನಾಳೆ ಬಾರೋ ಭುಜ, ಇನ್ನೂ ನಾಲ್ಕು ಹಲ್ಲು ಇದೆ ಅಂದೆ. ಬರಲಿಲ್ಲ. ನಾನೂ ಆಮೇಲೆ ಎಷ್ಟೋ ದಿನ ಅಂದ್ಕೊಂಡೆ, ಅಂದುಬಿಡಬಹುದಿತ್ತು ಅಂತ. ಒಂದು ಮಾತು ತಾನೇ." ಆಮೇಲೆ ಅವನತ್ತ ಬೆರಳು ಮಾಡಿ, "ಇದನ್ನ ಅಲ್ಲಿ ಹೋಗಿ ಊದಬೇಡ," ಎಂದಳು.

ಆಫೀಸಿಗೆ ಮರಳುವಾಗ ಅವನ ಕಾಲು ಬೇಗ ಬೇಗ ನಡೆಯಿತು. ಮೂರು ಗಂಟೆಯೊಳಗೆ ಬಿಲ್ಡನ್ನು ಎರಡಾಗಿಸಿದ. ಒಂದೇ ಮೂಲ, ಎರಡು ಗಂಟು. ದೊಡ್ಡಾಸ್ಪತ್ರೆಗೆ ಹೋಗುವುದರಲ್ಲಿ ಎಲ್ಲವೂ ನೀವು, ನಿನ್ನೆ ನಿನ್ನೆಯೇ. ಕ್ಲಿನಿಕ್ಕಿಗೆ ಹೋಗುವುದರಲ್ಲಿ ಪ್ಲಗಿನ್ನೇ ಇಲ್ಲ, ಚಿಕ್ಕಮ್ಮ ಹೇಳಿದ್ದು ಹೇಳಿದ ಹಾಗೆ. ಮುಂದೆ ಬರುವವನು ಓಡಿಹೋಗದಿರಲೆಂದು ಪಟ್ಟಿಯ ತಲೆಯ ಮೇಲೆ, ಯಾಕೆ ಹೀಗಿದೆ ಎಂದು ನಾಲ್ಕು ಸಾಲು ಬರೆದ. ಮುನ್ನೂರು ಸಾಲನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿ ನೋಡಿದ. ಪಕ್ಕದವರು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಐದು ಗಂಟೆಗೆ ಮ್ಯಾನೇಜರ್ ಬಂದು ಅವನ ಕುರ್ಚಿಯ ಹಿಂದೆ ನಿಂತ. ನೋಡಲು ಏನೋ ಇದೆ ಎಂದು ಉಳಿದವರೂ ಎದ್ದು ಬಂದರು. ಅಳಿಸುವ ಸಿದ್ಧತೆಯನ್ನು ಮ್ಯಾನೇಜರ್ ಟೆಸ್ಟಿಂಗ್ ಹುಡುಗಿಯ ಕೈಯಲ್ಲಿ ಆಗಲೇ ಮಾಡಿಸಿಟ್ಟಿದ್ದ. ಪರದೆಯ ಮೇಲೆ ಅಳಿಯಬೇಕಾದ ಹಳೆಯ ಸಾಲುಗಳೆಲ್ಲ ಕೆಂಪಾಗಿ, ಸೇರಬೇಕಾದ ಹೊಸವು ಹಸಿರಾಗಿ ನಿಂತಿದ್ದವು. ಯಾರ ಫೈಲೋ ಅವರು ಒಪ್ಪದೆ ಅಳಿಸುವಂತಿಲ್ಲ ಎಂಬ ನಿಯಮ ಮ್ಯಾನೇಜರ್ ಮಾಡಿದ್ದೇ. ಬಲಗಡೆ ಮೂಲೆಯಲ್ಲಿ ಒಪ್ಪಿಗೆಯ ಗುಂಡಿ ಕಾಯುತ್ತಿತ್ತು.

"ಒತ್ತು."

"ಸರಿಹೋಗಿದೆ ಸರ್. ನೋಡಿ. ಅವರಿಗೆ ನೀವು, ನಮ್ಮೋರಿಗೆ ನೀನು. ಎರಡೂ ಬರುತ್ತೆ."

"ನಂಗೆ ಎರಡು ಬೇಡ."

"ಕ್ಲಿನಿಕ್ಕಿನವರು ಯಾರೂ ಬೇಡ ಅಂದಿಲ್ಲ ಸರ್. ನಿನ್ನೆಯಿಂದ ಮೂರು ಜನ ಕೇಳಿದಾರೆ, ಯಾಕೆ ನೀವು ಅಂತಿದೀರ, ನಮ್ಮನ್ನ ಕೈಬಿಟ್ರಾ ಅಂತ."

ಮ್ಯಾನೇಜರ್ ಮುಂದಕ್ಕೆ ಬಾಗಿದ. ಕೆಂಪು ಸಾಲುಗಳ ನಡುವೆ ಒಂದರ ಮೇಲೆ ಅವನ ಕಣ್ಣು ಸಿಕ್ಕಿಹಾಕಿಕೊಂಡಿತು. ತುಟಿ ಅಲುಗಿದ್ದು ಕಂಡಿತು, ಓದಿದ್ದು ಕೇಳಲಿಲ್ಲ.

"ಆ ಹೆಂಗಸಿನ ಮಾತು ನನ್ನ ಆ್ಯಪಲ್ಲಿ ಇರಬಾರದು. ಅಷ್ಟೇ." ಎಂದವನು ದನಿ ಇಳಿಸಿದ. "ಊಟಕ್ಕೆ ಆ ಓಣಿಗೆ ಹೋಗಿದ್ದೆ ಅಲ್ವಾ? ಏನಂದ್ಲು ಅವಳು? ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

ಆರು ಜೊತೆ ಕಣ್ಣು ಅವನ ಮೇಲೆ. ಒಂದೇ ವಾಕ್ಯ ಸಾಕಾಗಿತ್ತು. ಬೆಳಗಿನ ಒಂಬತ್ತನೇ ಕ್ಲಾಸಿನ ಮಾತಿಗೆ ಬಡ್ಡಿ ಸಮೇತ ಉತ್ತರ ಬಾಯಲ್ಲೇ ಇತ್ತು, ಹದವಾಗಿ, ಚೂಪಾಗಿ. ಅವನು ಕುರ್ಚಿ ತಿರುಗಿಸಿ ಮ್ಯಾನೇಜರನ ಮುಖ ನೋಡಿದ. ಅಲ್ಲಿ ಸಿಟ್ಟಿತ್ತು, ಆದರೆ ಅದರ ಕೆಳಗೆ, ಬೆಂಚಿನ ತುದಿಯಲ್ಲಿ ಕೂತು, ಇವತ್ತು ಎಷ್ಟನೇ ಹಲ್ಲು ಚಿಕ್ಕಮ್ಮ ಎಂದು ಕೇಳುತ್ತಿದ್ದ ಮನುಷ್ಯ ಇನ್ನೂ ಕೂತಿದ್ದ.

ಅವನು ಮೌಸ್ ಬಿಟ್ಟು ಎದ್ದ. ಬ್ಯಾಗು ಹೆಗಲಿಗೇರಿಸಿದ. ಟೆಸ್ಟಿಂಗ್ ಹುಡುಗಿ ದಾರಿ ಬಿಟ್ಟಳು.

"ಏಯ್, ಕೇಳ್ತಿರೋದು ನಿನ್ನನ್ನೇ! ಒತ್ತದೆ ಹೋದ್ರೆ ನಾಳೆ ಬರೋದು ಬೇಡ. ಏನಂದ್ಲು, ಹೇಳಿ ಹೋಗು!"

ಗುಂಡಿ ಹಾಗೆಯೇ ಉಳಿಯಿತು, ಕೆಂಪು ಸಾಲುಗಳೂ. ಅವನು ಬಾಗಿಲು ತಳ್ಳಿ ಹೊರಬಂದ. ಒಳಗಿನಿಂದ ಅದೇ ಪ್ರಶ್ನೆ ಮತ್ತೊಮ್ಮೆ ಕೇಳಿಬಂತು, ಈ ಸಲ ಇನ್ನೂ ಮೆತ್ತಗೆ. ಅವನು ಮೆಟ್ಟಿಲು ಇಳಿದು ಹೋದ.